ಬೆಂಕಿಗುಂಡಿಯ ಎದಿರಿನ್

ನಾನು ಎರಡನೆಯ ಹೆಂಡತಿಯಾಗಿ ಆ ಮನೆಯ ಹೊಸ್ತಿಲು ತುಳಿದ ದಿನವೇ ಎದಿರಿನ್ ನನ್ನ ಕೆನ್ನೆಗೆ ಬಾರಿಸಿದಳು. ನಮ್ಮ ಉರ್ಹೊಬೊ ಜನರಲ್ಲಿ ಹಿರಿಯರನ್ನು ಕಂಡರೆ ಮಂಡಿಯೂರಿ ‘ಮಿಗ್ವೊ’ ಅನ್ನಬೇಕು. ಹಿರಿಯರು ‘ವ್ರೆಂಡೊ’, ಅಂದರೆ ‘ಏಳು’, ಅಂದ ಮೇಲೆಯೇ ಏಳಬೇಕು. ನಾನು ಮಂಡಿಯೂರಿ ಮಿಗ್ವೊ ಅಂದೆ. ಅವಳು ಅಂಗಳದಲ್ಲಿ ಕೂತು ಮೀನು ಸೀಳುತ್ತಿದ್ದಳು. ತಲೆ ಎತ್ತಿ ನೋಡಿದಳು, ಮತ್ತೆ ಮೀನು ಸೀಳಿದಳು. ಬುಟ್ಟಿ ಅರ್ಧ ಖಾಲಿಯಾದರೂ ಅವಳ ಬಾಯಿಂದ ವ್ರೆಂಡೊ ಬರಲಿಲ್ಲ. ಮಂಡಿಗೆ ಹರಳು ಒತ್ತಿ ನಾನು ಒಂಚೂರು ಅಲುಗಿದೆ. ಅದಕ್ಕೇ ಬಿತ್ತು ಏಟು, ಮೀನಿನ ರಕ್ತದ ಕೈಯಲ್ಲಿ.

“ಏಳು ಅಂದ್ನೇನೇ ನಾನು?”

“ಇಲ್ಲ ಅಕ್ಕ.”

“ಮತ್ಯಾಕೆ ಹುಳದ ಥರ ಒದ್ದಾಡ್ತೀಯ? ಮಂಡಿ ಗಟ್ಟಿ ಇಲ್ದೋಳು ಈ ಮನೇಲಿ ಬಾಳ್ತೀಯಾ?”

ನಮ್ಮಿಬ್ಬರ ಗಂಡ ಉಮುಕೋರೊ ಬಾಗಿಲಲ್ಲಿ ನಿಂತು ಹಲ್ಲು ಕಿಸಿದ. “ಒನೊಮೆ, ಎದಿರಿನ್ ಅಂದ್ರೆ ತಾಳ್ಮೆ ಅಂತ ಅರ್ಥ. ಅವಳಪ್ಪ ಕುಡಿದ ದಿನ ಇಟ್ಟ ಹೆಸರು” ಅಂದ. ಮೀನಿನ ತಲೆಯೊಂದು ಹಾರಿ ಬಂದು ಅವನ ಮೂಗಿಗೆ ಬಡಿಯಿತು. ಆಮೇಲೆ ಎದಿರಿನ್ ನನ್ನ ಕಡೆ ತಿರುಗಿ, ಏನೂ ಆಗಿಲ್ಲವೆಂಬಂತೆ, “ವ್ರೆಂಡೊ. ಹೋಗಿ ಉಪ್ಪು ತಗೊಂಡ್ ಬಾ” ಅಂದಳು. ಹೀಗೆ ಶುರುವಾಯಿತು ನಮ್ಮ ಸವತಿತನ. ಅವಳ ಕೈಯಲ್ಲಿ ನಾನು ತಿಂದ ಏಟುಗಳನ್ನು ನನ್ನ ಹೆತ್ತವಳ ಕೈಯಲ್ಲೂ ತಿಂದಿರಲಿಲ್ಲ. ಅವಳು ನನಗಾಗಿ ಬೇರೆಯವರಿಗೆ ಕೊಟ್ಟ ಏಟುಗಳೂ ಕಡಿಮೆಯಲ್ಲ.

ಊರಿನ ಹಿಂದೆ ಎಣ್ಣೆ ಕಂಪನಿಯ ಸ್ಟೇಷನ್ ಇದೆ. ನೆಲದೊಳಗಿನಿಂದ ಎಣ್ಣೆ ಬರುವಾಗ ಜೊತೆಗೆ ಗ್ಯಾಸೂ ಬರುತ್ತದೆ. ಎಣ್ಣೆ ಅವರಿಗೆ ಬೇಕು, ಅದು ಕೊಳವೆ ಹಿಡಿದು ಹಡಗಿಗೆ ಹೋಗುತ್ತದೆ. ಗ್ಯಾಸು ಬೇಡ. ಹಿಡಿದಿಡಲು ಖರ್ಚಾಗುತ್ತದೆ, ಸುಡಲು ಖರ್ಚಿಲ್ಲ. ಅದಕ್ಕೇ ಎತ್ತರದ ಮಣ್ಣಿನ ಒಡ್ಡು ಕಟ್ಟಿ, ಒಡ್ಡಿನ ನಡುವಿನ ಗುಂಡಿಗೆ ಕೊಳವೆ ತಂದು, ಬೆಂಕಿ ಹಚ್ಚಿ ಬಿಟ್ಟರು. ನಾನು ಹುಟ್ಟುವುದಕ್ಕೆ ಮುಂಚೆ ಹಚ್ಚಿದ್ದು. ತೆಂಗಿನ ಮರದೆತ್ತರ ಏಳುವ ಆ ಬೆಂಕಿಯ ಮೊರೆತದಲ್ಲಿ ನಾವು ಪಕ್ಕದಲ್ಲಿ ನಿಂತವರ ಜೊತೆಗೂ ಕೂಗಿಯೇ ಮಾತಾಡುತ್ತೇವೆ. ನಮ್ಮೂರಿನವರು ಪೇಟೆಗೆ ಹೋದರೆ ಜಗಳಗಂಟರು ಅಂತ ಹೆಸರು ಬರುವುದು ಇದಕ್ಕೇ. ನಮ್ಮೂರು ಒಗ್ಬೆರೆಯಲ್ಲಿ ಕತ್ತಲಾಗುವುದಿಲ್ಲ. ಕೋಳಿಗಳು ಮನಸ್ಸು ಬಂದಾಗ ಕೂಗುತ್ತವೆ. ಮಳೆ ಬಂದರೆ ಕಪ್ಪು ನೀರು. ಆ ನೀರು ತಗಡಿನ ಸೂರನ್ನೂ ತಿಂದುಹಾಕಿ, ಮಲಗಿ ಮೇಲೆ ನೋಡಿದರೆ ಎಲ್ಲರ ಮನೆಯ ಸೂರೂ ಜರಡಿ.

ಆ ಬೆಂಕಿಯಿಂದ ಮೊದಲು ಅನ್ನ ತೆಗೆದವಳು ಎದಿರಿನ್. ಮರಗೆಣಸನ್ನು ನೆನೆಹಾಕಿ, ಹಿಸುಕಿ, ನೀರು ಸೋರಿಸಿ, ಪುಡಿಮಾಡಿ ಒಣಗಿಸಿದರೆ ಕ್ಪೊಕ್ಪೊ ಆಗುತ್ತದೆ. ಗಟ್ಟಿಯಾಗಿ ಒಣಗಿದರೆ ವರ್ಷವಿಡೀ ಕೆಡುವುದಿಲ್ಲ. ಬಿಸಿಲಲ್ಲಾದರೆ ಮೂರು ದಿನ ಬೇಕು, ಅದೂ ಬಿಸಿಲಿದ್ದರೆ. ನಮ್ಮ ಕಡೆ ವರ್ಷದ ಮುಕ್ಕಾಲು ಪಾಲು ಮಳೆ. ಎದಿರಿನ್ ಒಂದು ದಿನ ಚಾಪೆಯನ್ನು ಎಳೆದುಕೊಂಡು ಹೋಗಿ ಒಡ್ಡಿನ ಬುಡದಲ್ಲಿ ಹರವಿದಳು. ಮಧ್ಯಾಹ್ನದೊಳಗೆ ಕ್ಪೊಕ್ಪೊ ಕಟಕಟ ಅನ್ನುತ್ತಿತ್ತು. ಮರುದಿನ ಊರಿನ ಹೆಂಗಸರೆಲ್ಲ ಅಲ್ಲಿದ್ದರು.

ಎಲ್ಲರೂ ಬಂದ ಮೇಲೆ ಜಾಗಕ್ಕೆ ಕಿತ್ತಾಟ. ಗಾಳಿ ಬೆನ್ನಿಗೆ ಬೀಸುವ ಮೂಲೆ ಬಹಳ ಒಳ್ಳೆಯದು, ಬೆಂಕಿ ಅತ್ತ ವಾಲುತ್ತದೆ, ಇತ್ತ ಬರೀ ಕಾವು. ಆ ಮೂಲೆಗೆ ತೊಬೊರೆ ಎಂಬವಳು ತನ್ನ ಚಾಪೆ ಹಾಸಿದಳು. ತೊಬೊರೆ ದೊಡ್ಡ ಆಳು, ಒನಕೆ ಎತ್ತಿದರೆ ಇಬ್ಬರ ಕೆಲಸ ಮಾಡುವವಳು. ಎದಿರಿನ್ ಅವಳ ಮುಡಿ ಹಿಡಿದು ಎಳೆದಳು, ತೊಬೊರೆ ಇವಳ ಹೊಟ್ಟೆಗೆ ಮಂಡಿಯಿಂದ ಗುದ್ದಿದಳು. ಬಿಸಿ ಮಣ್ಣಿನಲ್ಲಿ ಉರುಳಾಡಿ ಇಬ್ಬರ ಬೆನ್ನೂ ಬೊಬ್ಬೆ ಎದ್ದವು. ಕೊನೆಗೆ ಎದಿರಿನ್ ತೊಬೊರೆಯ ಕಿವಿಯ ಹಾಲೆಯನ್ನು ಕಚ್ಚಿ ಕಿತ್ತು ಉಗಿದಳು. ಅಲ್ಲಿಗೆ ಜಗಳ ಮುಗಿಯಿತು. ಸಂಜೆ ಅವಳೇ ತಾಳೆಹಣ್ಣಿನ ಸಾರು ಮಾಡಿ ತೊಬೊರೆಯ ಮನೆಗೆ ಹೊತ್ತುಕೊಂಡು ಹೋದಳು.

“ತಿನ್ನೇ. ಕಿವಿ ಹೋದ್ರೆ ಏನಂತೆ, ಬಾಯಿ ಇದೆಯಲ್ಲ.”

“ಇದರಲ್ಲಿ ನನ್ನ ಕಿವಿ ಹಾಕಿಲ್ಲ ತಾನೆ?” ಅಂದಳು ತೊಬೊರೆ.

ಇಬ್ಬರೂ ನಕ್ಕರು. ಅಂದಿನಿಂದ ಆ ಮೂಲೆಯಲ್ಲಿ ಎದಿರಿನ್‌ಳ ಚಾಪೆ, ಅದರ ಪಕ್ಕದಲ್ಲೇ ತೊಬೊರೆಯ ಚಾಪೆ. ಬೆಂಕಿಗುಂಡಿಯ ನ್ಯಾಯವೆಲ್ಲ ಎದಿರಿನ್‌ಳದೇ. ಯಾರ ಜಾಗ ಯಾರದು, ಬಸುರಿಯರು ಎಷ್ಟು ದೂರ ನಿಲ್ಲಬೇಕು, ಯಾರ ಕೈ ಉದ್ದವಾಯಿತು, ಎಲ್ಲಕ್ಕೂ ಅವಳ ಮಚ್ಚಿನ ಹಿಡಿಯೇ ತೀರ್ಪು. ಒದ್ದೆ ಬಟ್ಟೆ ತಲೆಗೆ ಸುತ್ತಿ ದಿನಕ್ಕೆ ನಾಲ್ಕಾರು ಸಲ ಬೆಂಕಿಯ ಬಾಯಿಗೆ ಹೋಗಿ ಹೋಗಿ ನಮಗೆಲ್ಲ ರೆಪ್ಪೆಗೂದಲೇ ಉಳಿಯಲಿಲ್ಲ. ಮುಖ ಸುಟ್ಟ ಬಾಳೆಕಾಯಿಯ ಸಿಪ್ಪೆಯಂತಾಯಿತು. ಎದೆಯಲ್ಲಿ ಕಫ ಗೊರಗುಟ್ಟುತ್ತಿತ್ತು. ಆದರೂ ಮಕ್ಕಳ ಹೊಟ್ಟೆ ತುಂಬುತ್ತಿತ್ತು. ಆ ಬೆಂಕಿಯನ್ನು ಬೈಯುವ ಹೆಂಗಸು ಒಗ್ಬೆರೆಯಲ್ಲಿ ಒಬ್ಬಳೂ ಇರಲಿಲ್ಲ.

ಮೊದಲು ಬೈದವಳು ಎದಿರಿನ್ ಹೆತ್ತ ಮಗಳೇ, ರೂಮೆ. ವಾರಿ ಪೇಟೆಯಲ್ಲಿ ಟೀಚರ್ ಕೆಲಸಕ್ಕೆ ಓದುತ್ತಿದ್ದಳು. ದೊಡ್ಡ ನೆರೆಯ ವರ್ಷ ಅವಳು ಊರಿಗೆ ಬಂದಿದ್ದಳು. ಅಂಥ ನೆರೆಯನ್ನು ನಮ್ಮ ಅಜ್ಜಂದಿರೂ ಕಂಡಿರಲಿಲ್ಲ. ಮಳೆ ಬರಬೇಕಾದ ತಿಂಗಳಲ್ಲಿ ಬಾರದೆ, ಬಂದಾಗ ಹೊಳೆಯನ್ನೇ ಎತ್ತಿ ಊರಿನ ಮೇಲೆ ಸುರಿದ ಹಾಗೆ ಬಂತು. ಎದೆಮಟ್ಟದ ನೀರಿನಲ್ಲಿ ಮನೆಗಳು ಕುಸಿದವು, ಮಸಣದ ಹೆಣಗಳು ಮೇಲೆದ್ದು ತೇಲಿದವು. ಒಡ್ಡಿನೊಳಗೆ ಮಾತ್ರ ಬೆಂಕಿ ಏನೂ ಆಗದ ಹಾಗೆ ಉರಿಯುತ್ತಿತ್ತು, ಸುತ್ತಲ ನೀರೆಲ್ಲ ಕೆಂಪು. ಉಮುಕೋರೊ ಕೊಚ್ಚಿಹೋಗುತ್ತಿದ್ದ ಚಾಪೆಗಳನ್ನು ಹಿಡಿಯಲು ದೋಣಿಯಿಂದ ಬಗ್ಗಿದ. ತೇಲಿಬಂದ ಮರವೊಂದು ಅವನ ಎದೆಗೆ ಬಡಿಯಿತು. ನೀರು ಇಳಿದ ಮೇಲೆ ಅವನು ಗೆಣಸಿನ ಹೊಲದಲ್ಲಿ ಸಿಕ್ಕ, ಏಡಿಗಳು ಮುತ್ತಿದ್ದವು. ಎದಿರಿನ್ ಅವನ ಮೈಮೇಲಿನ ಏಡಿಗಳನ್ನು ಒಂದೊಂದಾಗಿ ಕಿತ್ತು ಕಾಲಲ್ಲಿ ಅರೆದು ಹಾಕಿದಳು. ನಾನು ಎದೆ ಬಡಿದುಕೊಂಡು ಅತ್ತೆ. ಅವಳು ಅಳಲಿಲ್ಲ, ನನ್ನ ಬಾಯಿಗೆ ಬಟ್ಟೆ ತುರುಕಿದಳು.

ತಿಥಿ ಮುಗಿದ ದಿನ ರೂಮೆ ತಾಯಿಯ ಎದುರು ಕೂತು ಅಂದಳು, “ಅಮ್ಮ, ಅಪ್ಪನ್ನ ಕೊಂದಿದ್ದು ಹೊಳೆ ಅಲ್ಲ. ಆ ಬೆಂಕಿ.”

“ಬೆಂಕಿ ಎಲ್ಲಿತ್ತು, ನಿಮ್ಮಪ್ಪ ಎಲ್ಲಿದ್ದ? ಪೇಟೇಲಿ ಇದನ್ನೇ ಓದ್ತೀಯಾ?”

“ಕೇಳಮ್ಮ. ಇಲ್ಲಿ ಉರಿದಿದ್ದು ಇಲ್ಲೇ ಮುಗಿಯಲ್ಲ. ಆ ಹೊಗೆ ಮೇಲೆ ಹೋಗಿ ಕಂಬಳಿ ಹೊದಿಸಿದ ಹಾಗೆ ಕೂತ್ಕೊಳ್ಳುತ್ತೆ. ಬಿಸಿಲಿನ ಕಾವು ವಾಪಸ್ ಹೋಗಕ್ಕೆ ಜಾಗ ಇಲ್ಲ. ಇಲ್ಲಿ ಉರಿಯೋ ಗ್ಯಾಸು, ಅವರು ಒಯ್ದು ಸುಡೋ ಎಣ್ಣೆ, ಎಲ್ಲಾ ಅಲ್ಲಿಗೇ ಹೋಗಿ ಸೇರುತ್ತೆ. ಸಮುದ್ರ ಬಿಸಿ ಆಗಿದೆ, ಉಬ್ಬಿದೆ. ಮಳೆ ಹೊತ್ತಲ್ಲದ ಹೊತ್ತಲ್ಲಿ ಬಂದು ಒಂದೇ ಸಲ ಬೀಳುತ್ತೆ. ನಮ್ಮ ಹೊಳೆ ಮನೆ ಒಳಗೆ ಬಂದಿದ್ದು ಹಾಗೆ.”

“ಆಕಾಶಕ್ಕೆ ಜ್ವರ ಬಂದಿದ್ರೆ ನಾನೇನು ಕಷಾಯ ಕಾಯಿಸಿ ಕೊಡ್ಲಾ?”

“ಆರಿಸ್ಬೇಕು, ಅಷ್ಟೇ. ಅದೇ ಗ್ಯಾಸನ್ನ ಕೊಳವೇಲಿ ಹಿಡಿದು ಒಂದು ಶೆಡ್ಡಿಗೆ ತಂದ್ರೆ ಒಲೆ ಉರಿಯುತ್ತೆ, ದೀಪ ಉರಿಯುತ್ತೆ, ನಿನ್ನ ಗೆಣಸೂ ಒಣಗುತ್ತೆ. ಮುಖ ಸುಟ್ಕೊಳ್ಳೋದು ಬೇಡ. ಅವರಿಗೆ ಗೊತ್ತು, ಮಾಡಲ್ಲ. ನಾವೇ ಆರಿಸ್ತೀವಿ.”

ಎದಿರಿನ್ ಕೈಯಲ್ಲಿದ್ದ ಸೌಟನ್ನು ಮಗಳ ಭುಜಕ್ಕೆ ಬೀಸಿದಳು. “ಆ ಬೆಂಕಿ ಕಣೆ ನಿನ್ನ ಓದಿಸಿದ್ದು! ಅದನ್ನ ಮುಟ್ಟಿದ್ರೆ ಕೈ ಕಡೀತೀನಿ. ಹೆತ್ತ ಮಗಳು ಅಂತ ನೋಡಲ್ಲ.”

“ಕಡಿ. ಇನ್ನೊಂದು ಕೈಯಿಂದ ಆರಿಸ್ತೀನಿ” ಅಂದಳು ರೂಮೆ. ತಾಯಿಯ ಮಗಳೇ ಸರಿ.

ಅವಳು ಊರಿನ ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ಕಂಪನಿಯ ಬಾಗಿಲಿಗೆ ಎಡತಾಕಿದಳು. ಕಾವಲಿನ ಸೈನಿಕರು ಒಮ್ಮೆ ಕೂರಿಸಿ ಕಳಿಸಿದರು, ಇನ್ನೊಮ್ಮೆ ಬೆಲ್ಟಿನಿಂದ ಹೊಡೆದು ಕಳಿಸಿದರು. ಕೊನೆಗೆ ಒಂದು ದಿನ ಬೆಳಗ್ಗೆ ಬೇಲಿ ಕತ್ತರಿಸಿ ಒಳನುಗ್ಗಿ ವಾಲ್ವಿನ ಚಕ್ರ ತಿರುಗಿಸಿಯೇ ಬಿಟ್ಟರು. ನೋಡನೋಡುತ್ತ ಬೆಂಕಿ ಕುಗ್ಗಿತು. ಕೊಳವೆಯ ಬಾಯಲ್ಲಿ ಒಂದು ಸಣ್ಣ ನಾಲಗೆಯಷ್ಟೇ ಉಳಿಯಿತು.

ಇಲ್ಲೊಂದು ಮಾತು ಹೇಳಬೇಕು. ಕಂಪನಿಯ ಯಂತ್ರ ಕೆಟ್ಟು ಆಗಾಗ ಬೆಂಕಿ ತಗ್ಗುತ್ತಿತ್ತು. ಆಗ ನಾವು ಹೆಂಗಸರು ಒಡ್ಡು ಹತ್ತಿ ಒಳಗೇ ಇಳಿಯುತ್ತಿದ್ದೆವು. ಒಳಗಿನ ನೆಲ ಹಂಚಿನಂತೆ ಕಾದಿರುತ್ತದೆ, ಉರಿ ಇರುವುದಿಲ್ಲ. ಅಲ್ಲಿ ಹರವಿದ ಕ್ಪೊಕ್ಪೊ ಒಂದು ಕಾಳೂ ಕಪ್ಪಾಗದೆ ಹಾಲಿನಂತೆ ಬೆಳ್ಳಗೆ ಒಣಗುತ್ತದೆ. ಬೆಂಕಿ ಮತ್ತೆ ಏರುವಾಗ ಕೊಳವೆ ಮೊದಲು ಬುಸುಗುಟ್ಟುತ್ತದೆ, ಮೆಲ್ಲಗೆ ಏರುತ್ತದೆ, ಅಷ್ಟರಲ್ಲಿ ನಾವು ಹೊರಗೆ ಬಂದಿರುತ್ತೇವೆ. ಎಷ್ಟೋ ವರ್ಷ ಹಾಗೇ ಆಗಿತ್ತು. ಹಾವಾಡಿಗನಿಗೆ ಹಾವಿನ ಮೇಲೆ ಬರುವಂಥ ನಂಬಿಕೆ ನಮಗೆ ಆ ಕೊಳವೆಯ ಮೇಲೆ ಬಂದಿತ್ತು.

ಅಂದು ಎದಿರಿನ್ ಮೊದಲು ಮಗಳಿಗೆ ಹಿಡಿಶಾಪ ಹಾಕಿದಳು. ಆಮೇಲೆ, “ಆರಿಸಿದ್ದು ಆರಿಸಿದ್ಲು, ನೆಲದ ಕಾವು ಯಾಕೆ ದಂಡ ಮಾಡೋದು? ಇಳೀರಿ” ಅಂದಳು. ಹತ್ತಾರು ಹೆಂಗಸರು ಚಾಪೆ ಹೊತ್ತು ಒಳಗಿಳಿದರು. ನಾನು ಒಡ್ಡಿನ ಮೇಲೆ ನಿಂತು ಬುಟ್ಟಿಗಳನ್ನು ಕೆಳಗೆ ಕೊಡುತ್ತಿದ್ದೆ. ಎದಿರಿನ್ ಎಲ್ಲರಿಗಿಂತ ಮುಂದೆ, ಕೊಳವೆಯ ಹತ್ತಿರ, ಗೋರುವ ಕೋಲಿನಿಂದ ಹಿಟ್ಟು ಹರಡುತ್ತಿದ್ದಳು.

ಸ್ಟೇಷನ್ ಕಡೆಯಿಂದ ಗುಂಡಿನ ಸದ್ದು ಬಂತು. ಸೈನಿಕರು ಬಂದಿದ್ದರು. ಆಮೇಲೆ ಕೇಳಿ ತಿಳಿದದ್ದು: ಹುಡುಗರನ್ನು ನೆಲಕ್ಕೆ ಕೆಡವಿ ಬಂದೂಕಿನ ಹಿಡಿಯಿಂದ ಬಾಯಿ ಒಡೆಯುತ್ತಿದ್ದಾಗ ಕ್ಯಾಪ್ಟನ್ ವಾಲ್ವು ತೆರೆಯಲು ಹೇಳಿದ. ರೂಮೆ, “ಗುಂಡೀಲಿ ಹೆಂಗಸ್ರಿದಾರೆ!” ಅಂತ ಅರಚಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಹಿಡಿದವನ ಕೈ ಕಚ್ಚಿ ತಪ್ಪಿಸಿಕೊಂಡು ಓಡಿ ಬಂದಳು. ನಾನು ನೋಡಿದ್ದು ಅಲ್ಲಿಂದ. ಹಣೆಯಿಂದ ರಕ್ತ ಸುರಿಯುತ್ತಿತ್ತು, ನನ್ನನ್ನು ತಳ್ಳಿಕೊಂಡೇ ಒಡ್ಡಿನಿಂದ ಕೆಳಗೆ ಜಾರಿದಳು.

“ಹೊರಗೆ ಬನ್ರೇ! ತೆರೀತಿದಾರೆ! ಓಡ್ರೇ!”

ತೊಬೊರೆಯೂ ಉಳಿದವರೂ ಎದ್ದುಬಿದ್ದು ಒಡ್ಡು ಹತ್ತಿದರು. ಎದಿರಿನ್ ಕದಲಲಿಲ್ಲ. ಮಗಳು ತನ್ನ ಕೆಲಸ ಕೆಡಿಸಲು ಬಂದಳೆಂದೇ ತಿಳಿದಳು.

“ಬೆಂಕಿ ಆರಿಸಿದ್ದು ಸಾಲ್ದಾ? ಇಲ್ಲಿಗೂ ಬಂದ್ಯಾ?” ಅಂತ ಕೋಲೆತ್ತಿ ಮಗಳ ಮೊಳಕೈಗೆ ಹೊಡೆದಳು. ರೂಮೆ ಕಾಲಿನಿಂದ ಚಾಪೆ ಒದ್ದಳು. ಬಿಳಿ ಹಿಟ್ಟೆಲ್ಲ ಚೆಲ್ಲಾಡಿತು. ಹಾಗೆ ಮಾಡಿದರಾದರೂ ತಾಯಿ ತನ್ನನ್ನು ಅಟ್ಟಿಸಿಕೊಂಡು ಹೊರಗೆ ಬಂದಾಳು ಅಂತ ಇರಬೇಕು. ಎದಿರಿನ್ ಅವಳ ಜಡೆ ಹಿಡಿದುಬಿಟ್ಟಳು. ಕೊಳವೆ ಬುಸುಗುಟ್ಟಲಿಲ್ಲ. ಪೂರಾ ತೆರೆದಿದ್ದರು, ಒಂದೇ ಸಲಕ್ಕೆ.

ನನಗೆ ಕಂಡದ್ದು ಬರೀ ಬಿಳಿ. ಕಣ್ಣು ಮತ್ತೆ ಕಾಣುವ ಹೊತ್ತಿಗೆ ಎದಿರಿನ್ ಒಡ್ಡಿನ ಇಳಿಜಾರಿನಲ್ಲಿ ಬಿದ್ದಿದ್ದಳು. ಎಡಗಡೆಯ ಮುಖವೇ ಇರಲಿಲ್ಲ, ಕೈಯಲ್ಲಿ ಸುಟ್ಟ ಜಡೆಯ ತುಂಡಿತ್ತು. ಕೊಳವೆಗೂ ತಾಯಿಗೂ ನಡುವೆ ರೂಮೆ ನಿಂತಿದ್ದಳು, ಆದ್ದರಿಂದ ತಾಯಿ ಬದುಕಿದಳು. ಮಗಳನ್ನು ನಾವು ಮಾರನೆಯ ದಿನ, ಬೆಂಕಿ ಗಾಳಿಗೆ ಅತ್ತ ವಾಲಿದಾಗ, ಕೊಕ್ಕೆ ಹಾಕಿ ಎಳೆದು ತಂದೆವು.

ಆಸ್ಪತ್ರೆಯಿಂದ ಎದಿರಿನ್ ಒಕ್ಕಣ್ಣಿನಲ್ಲಿ ಬಂದಳು. ಮಾತು ಕಡಿಮೆಯಾಗಿತ್ತು. ನನ್ನನ್ನು ಹೊಡೆಯುವುದನ್ನೂ ಬಿಟ್ಟಿದ್ದಳು. ಅದರಿಂದ ನನಗೆ ಏಟಿಗಿಂತ ಹೆಚ್ಚು ನೋವಾಗುತ್ತಿತ್ತು. ಒಂದು ದಿನ ಬೆಂಕಿಯ ಕಡೆಗೇ ನೋಡುತ್ತ, “ಒನೊಮೆ, ಅದು ಆರ್ಬೇಕು” ಅಂದಳು.

“ಆರಿಸಕ್ಕೆ ಹೋಗೇ ತಾನೆ ಅಕ್ಕ ರೂಮೆ...”

“ರೂಮೆ ಹತ್ರ ಇದ್ದಿದ್ದು ಹುಡುಗರು. ನನ್ನ ಹತ್ರ ಮುದುಕಿಯರಿದಾರೆ.”

ನನಗೆ ಅರ್ಥವಾಯಿತು. ಹೆತ್ತು ಮುದುಕಿಯಾದವಳು ಬೇಕೆಂದೇ ಗಂಡಸಿನೆದುರು ಬಟ್ಟೆ ಕಳಚಿ ನಿಂತರೆ ಅದಕ್ಕಿಂತ ದೊಡ್ಡ ಶಾಪ ನಮ್ಮಲ್ಲಿಲ್ಲ. ನೋಡಿದ ಗಂಡಸಿನ ವಂಶವೇ ಒಣಗುತ್ತದೆ ಅನ್ನುತ್ತಾರೆ. ಹಿಂದೊಮ್ಮೆ ಒಬ್ಬ ನೋಡಿದ್ದನಂತೆ, ಹುಚ್ಚು ಹಿಡಿದು ಸತ್ತನಂತೆ. ಆ ಅಸ್ತ್ರವನ್ನು ಸುಮ್ಮಸುಮ್ಮನೆ ಯಾರೂ ತೆಗೆಯುವುದಿಲ್ಲ.

ಹೊತ್ತು ಏರುವಾಗ ಹೊರಟೆವು. ಒನಕೆ ಹಿಡಿದ ಮುದುಕಿಯರ ದಂಡು, ಮುಂದೆ ಎದಿರಿನ್, ಪಕ್ಕದಲ್ಲಿ ತೊಬೊರೆ. ಸ್ಟೇಷನ್ ಬಾಗಿಲಲ್ಲಿ ಕ್ಯಾಪ್ಟನ್ ಬಂದೂಕಿನವರನ್ನು ಸಾಲಾಗಿ ನಿಲ್ಲಿಸಿದ್ದ. ಎಳೆ ಪ್ರಾಯದವನು.

“ಮನೆಗೆ ಹೋಗಿ ಅಜ್ಜಿ, ಗುಂಡು ಹಾರಿಸ್ಬೇಕಾಗುತ್ತೆ” ಅಂದ.

ಎದಿರಿನ್ ಸುತ್ತುಬಟ್ಟೆಯ ಗಂಟು ಬಿಚ್ಚಿ ನೆಲಕ್ಕೆ ಬಿಟ್ಟಳು. ಅವಳ ಹಿಂದೆ ಎಲ್ಲರೂ. ಸುಟ್ಟು ಗೆರೆಗೆರೆಯಾದ ಮೈಗಳು, ಹತ್ತಾರು ಮಕ್ಕಳಿಗೆ ಹಾಲೂಡಿ ಜೋತ ಎದೆಗಳು. “ನೋಡೋ! ನೀನು ಬಂದ ದಾರಿ ಇದು! ಕಣ್ಣು ಬಿಟ್ಟು ನೋಡಿ ಆಮೇಲೆ ಹಾರಿಸು!” ಅಂತ ಕಿರುಚಿದಳು. ಬಂದೂಕು ಬಿಸುಟು ಸೈನಿಕರು ಬೇಲಿ ಹಾರಿದರು. ಒಬ್ಬ ಕಣ್ಣು ಮುಚ್ಚಿಕೊಂಡೇ ಬಂದೂಕಿನ ಕುದುರೆ ಎಳೆದ, ಗುಂಡು ತೊಬೊರೆಯ ತೊಡೆ ಸೀಳಿಕೊಂಡು ಹೋಯಿತು. ಅವಳು ಬೀಳಲಿಲ್ಲ. ರಕ್ತ ಸುರಿಯುವ ಕಾಲನ್ನೇ ಎಳೆದುಕೊಂಡು ಅವನ ಮೇಲೆ ಹೋಗಿ ಒನಕೆಯಿಂದ ಅವನ ಮೊಳಕಾಲು ಮುರಿದಳು. ಕ್ಯಾಪ್ಟನ್ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು, “ಮುಚ್ಚಿ! ವಾಲ್ವು ಮುಚ್ಚಿ!” ಅಂತ ಮಗುವಿನ ಹಾಗೆ ಅಳುತ್ತಿದ್ದ.

ಬೆಂಕಿ ಆರಿತು. ಈ ಸಲ ನಾಲಗೆಯೂ ಉಳಿಯಲಿಲ್ಲ. ಆ ಮೊರೆತ ನಿಂತಾಗ ನಮಗೆಲ್ಲ ಕಿವುಡು ಬಂದಂತಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವತ್ತು ಒಗ್ಬೆರೆಗೆ ಮೊದಲ ಸಲ ಕತ್ತಲಾಯಿತು. ಮಕ್ಕಳು ಹೆದರಿ ಹೋ ಅಂತ ಅತ್ತವು. ತೊಬೊರೆಯ ಮೊಮ್ಮಗಳು ಮೇಲೆ ಬೆರಳು ತೋರಿಸಿ, “ಅಜ್ಜಿ, ಮಳೆ ಆಕಾಶಾನೂ ತೂತು ಮಾಡಿದೆ” ಅಂದಿತು. ನಕ್ಷತ್ರ ಕಂಡಿರಲಿಲ್ಲ ಪಾಪ, ಅದಕ್ಕೆ ಗೊತ್ತಿದ್ದದ್ದು ತಗಡಿನ ಸೂರು. ಎದಿರಿನ್ ಆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಮೇಲೇ ನೋಡುತ್ತಿದ್ದಳು.

ಕಂಪನಿಯಿಂದ ಬಿಳಿ ಟೋಪಿಯ ದೊಡ್ಡವನೊಬ್ಬ ಬಂದ. ಕೈ ಮುಗಿದ. ಗ್ಯಾಸಿನ ಒಲೆಗಳಿರುವ ಒಣಗಿಸುವ ಶೆಡ್ಡು ಕಟ್ಟಿಸಿಕೊಡುತ್ತೇವೆ, ರೂಮೆ ಕೇಳಿದ ಹಾಗೆಯೇ, ಅಂದ. ನಾಲ್ಕು ಮೂಟೆ ಸಿಮೆಂಟು ತಂದು ಒಂದು ಜಗಲಿ ಕಟ್ಟಿದರು. ಅಷ್ಟೇ. ಕೇಳಿದರೆ ಮೇಲಿನವರ ಅಪ್ಪಣೆ ಬರಬೇಕು ಅಂದರು. ಆ ಜಗಲಿಯ ಮೇಲೆ ಇವತ್ತಿಗೂ ಆಡುಗಳು ಮಲಗುತ್ತವೆ.

ಮಳೆಗಾಲ ಬಂತು. ಹರವಿದ ಕ್ಪೊಕ್ಪೊ ಹಸಿರು ಬೂಸಲು ಹಿಡಿಯಿತು. ಊರೆಲ್ಲ ಹುಳಿ ನಾತ. ಅದನ್ನೇ ತಿಂದು ಮಕ್ಕಳಿಗೆ ಹೊಟ್ಟೆ ಕೆಟ್ಟಿತು. ಆಕಾಶ ತೂತಾಗಿದೆ ಅಂದಿದ್ದ ಆ ಮಗು ಎಲುಬಿನ ಗೂಡಾಗಿ ಮಲಗಿತು. ಬಿಳಿ ಟೋಪಿ ಮತ್ತೆ ಬಂದು ಬಹಳ ಮೆತ್ತಗೆ ಅಂದ, “ನಿಮಗೆ ಬೇಕು ಅಂದ್ರೆ ಹಚ್ತೀವಿ ತಾಯಂದಿರೆ. ನೀವೇ ಕೇಳ್ಬೇಕು, ಅಷ್ಟೇ.” ಅವನ ನಾಲಗೆಗೆ ಹುಳ ಬೀಳಲಿ.

ಎದಿರಿನ್ ಮನೆಮನೆಗೆ ಹೋಗಿ ಬಾಯಿ ಬಡಿದುಕೊಂಡಳು. “ಬೆಂಕಿ ಆರಿದ್ರೆ ಅವರ ಎಣ್ಣೆನೂ ನಿಲ್ಲುತ್ತೆ ಕಣ್ರೇ. ಅವರಿಗೂ ಉರೀತಿದೆ. ನಾವೇ ಹೋಗಿ ಕಾಲಿಗೆ ಬೀಳ್ಲಿ ಅಂತ ಕಾಯ್ತಿದಾರೆ. ಇನ್ನೊಂಚೂರು ಹಲ್ಲು ಕಚ್ಚಿ, ಶೆಡ್ಡು ಕಟ್ತಾರೆ.”

ತೊಬೊರೆ ಕುಂಟುತ್ತ ಎದ್ದು ನಿಂತಳು. “ನಿನಗೆ ಹಲ್ಲು ಕಚ್ಚಕ್ಕೆ ಏನು? ನಿನ್ನ ಮನೇಲಿ ತಿನ್ನೋ ಬಾಯಿ ಎಷ್ಟಿದೆ? ಮಗಳು ಹೋದ್ಲು ಅಂತ ನಮ್ಮ ಮಕ್ಕಳೂ ಹೋಗ್ಲಾ?”

ಎದಿರಿನ್ ಕೈ ಎತ್ತಿದಳು. ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೇ ಮುಗಿದು ಸಂಜೆಗೆ ಸಾರು ಹೋಗುತ್ತಿತ್ತೇನೋ, ನನಗೆ ಈಗಲೂ ಹಾಗನ್ನಿಸುತ್ತದೆ.

ಮಾರನೆಯ ದಿನ ಸುರಿಯುವ ಮಳೆಯಲ್ಲಿ ಹೆಂಗಸರೆಲ್ಲ ಬೆಂಕಿ ಹಚ್ಚಿ ಅಂತ ಕೇಳಲು ಸ್ಟೇಷನ್ನಿಗೆ ಹೊರಟರು. ಹಿಂದಿನ ಸಲದ ಹಾಗೆಯೇ ಕೈಯಲ್ಲಿ ಒನಕೆ. ಎದಿರಿನ್ ಮೊದಲೇ ಹೋಗಿ ಬಾಗಿಲಿಗೆ ಅಡ್ಡ ನಿಂತಿದ್ದಳು, ಮಚ್ಚು ಹಿಡಿದು. ನಾನು ಅವಳ ಹಿಂದೆ. ದಂಡು ಹತ್ತಿರ ಬಂದಾಗ ಅವಳು ಬಟ್ಟೆ ಕಳಚಿ ಬೆತ್ತಲೆ ನಿಂತಳು.

ಸೈನಿಕರು ತಟ್ಟನೆ ಬೆನ್ನು ತಿರುಗಿಸಿ, ಗೋಡೆಗೆ ಮುಖ ಕೊಟ್ಟು ನಿಂತರು. ಹೆಂಗಸರು ನಿಲ್ಲಲಿಲ್ಲ. ಆ ಶಾಪ ಗಂಡಸರಿಗೆ. ಹೆಂಗಸರು ಹೆಂಗಸಿನ ಮೈ ನೋಡಿ ಯಾಕೆ ಹೆದರಬೇಕು?

“ದಿನಾ ಹೊಳೇಲಿ ನೋಡ್ತೀನಿ ಎದಿರಿನ್” ಅಂದಳು ತೊಬೊರೆ. “ಬಟ್ಟೆ ಉಟ್ಕೊ. ದಾರಿ ಬಿಡು.”

ಯಾರೋ ಕಿಸಕ್ಕನೆ ನಕ್ಕರು. ಎದಿರಿನ್ ಮಚ್ಚು ಬೀಸಿದಳು. ಮುಂದಿದ್ದವಳೊಬ್ಬಳ ತೋಳು ಸೀಳಿ ರಕ್ತ ಚಿಮ್ಮಿತು. ತೊಬೊರೆಯ ಒನಕೆ ಎದಿರಿನ್‌ಳ ಪಕ್ಕೆಗೆ ಬಿತ್ತು. ಎಲುಬು ಮುರಿದ ಸದ್ದು ಮಳೆಯಲ್ಲೂ ಕೇಳಿಸಿತು. ಆಮೇಲೆ ಯಾರ ಒನಕೆ, ಯಾರ ಕಾಲು ಅಂತ ಹೇಳಲಾರೆ. ನಾನು ಅವಳ ಮೇಲೆ ಬಿದ್ದೆ. ನನ್ನ ಬಾಯಿಗೆ ಒದ್ದರು, ಮುಂದಿನ ಹಲ್ಲು ಉದುರಿತು. “ಸಾಯ್ತಾಳೆ, ಬಿಡಿಸ್ರೋ!” ಅಂತ ಸೈನಿಕರಿಗೆ ಕೂಗಿಕೊಂಡೆ. ಒಬ್ಬನೂ ತಿರುಗಲಿಲ್ಲ. ಬೆತ್ತಲೆ ಮುದುಕಿಯ ಕಡೆ ತಿರುಗಿದರೆ ವಂಶ ಒಣಗುತ್ತದಲ್ಲ! ಕ್ಯಾಪ್ಟನ್ ಕಿವಿಯನ್ನೂ ಮುಚ್ಚಿಕೊಂಡಿದ್ದ.

ಅವಳನ್ನು ಅವಳದೇ ಚಾಪೆಯ ಮೇಲೆ ಹಾಕಿ ಮನೆಗೆ ಎಳೆದು ತಂದೆ. ಬಾಯಿಂದ ನೊರೆರಕ್ತ ಬರುತ್ತಿತ್ತು. ಸಂಜೆಯ ಹೊತ್ತಿಗೆ ಕಿಟಕಿ ಕೆಂಪಾಯಿತು. ಎದ್ದು ಹೋಗಿ ನನ್ನ ಬಟ್ಟೆಗಳನ್ನೆಲ್ಲ ಕಿಟಕಿಗೆ, ಬಾಗಿಲಿಗೆ, ಸೂರಿನ ತೂತುಗಳಿಗೆ ತುರುಕಿ ಕೋಣೆ ಕತ್ತಲು ಮಾಡಿದೆ. ಅವಳ ಕೈ ಹಿಡಿದು ಕೂತೆ.

“ಒನೊಮೆ.”

“ಇಲ್ಲೇ ಇದೀನಿ ಅಕ್ಕ.”

“ಹಚ್ಚಿದ್ರಾ?”

“ಇಲ್ಲ ಅಕ್ಕ. ನೋಡು, ಎಷ್ಟು ಕತ್ತಲು.”

ಅವಳ ಕೈ ಮೇಲೆದ್ದಿತು. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆಯಲಿ ಅಂತಲೂ ಅಂದುಕೊಂಡೆ. ಕೆನ್ನೆ ಸವರಿದಳು.

“ಸುಳ್ಳು ಹೇಳ್ಬೇಡ ಕಣೇ. ಸದ್ದು ಕೇಳಿಸ್ತಿದೆ.”

ಬೆಳಗಾಗುವುದರೊಳಗೆ ಹೋದಳು.

ಹೆಣವನ್ನು ಅಂಗಳದಲ್ಲಿ ಮಲಗಿಸಿ, ಅವಳು ಮೀನು ಸೀಳುತ್ತಿದ್ದ ಮಣೆಯ ಮೇಲೆ ನಾನು ಕೂತೆ. ಹೆಂಗಸರು ಒಬ್ಬೊಬ್ಬರಾಗಿ ಬಂದರು. ತೋಳಿಗೆ ಪಟ್ಟಿ ಕಟ್ಟಿಕೊಂಡವಳೂ ಬಂದಳು. ಎಲ್ಲರೂ ಹೆಣದ ಮುಂದೆ ಮಂಡಿಯೂರಿ, “ಮಿಗ್ವೊ, ಎದಿರಿನ್” ಅಂದರು. ನಮ್ಮೂರಲ್ಲಿ ಸತ್ತವರ ಬದಲು ಮನೆಯ ಹೆಂಗಸು ವ್ರೆಂಡೊ ಅನ್ನಬೇಕು. ನಾನು ಅನ್ನಲಿಲ್ಲ.

ಹೊತ್ತು ಏರಿತು. ಮಂಡಿಗಳು ಅಲುಗಾಡಿದವು. “ಒನೊಮೆ, ಏಳು ಅನ್ನಮ್ಮ” ಅಂತ ಒಬ್ಬಳು ಪಿಸುಗುಟ್ಟಿದಳು.

“ಆ ಬೆಂಕಿ ಆರಿದ ದಿನ ಅಂತೀನಿ” ಅಂದೆ.

ಬೆಂಕಿಯ ಹತ್ತಿರ ಎಲ್ಲರ ಚಾಪೆಗಳೂ ಹರವಿದ್ದವು. ಆಗಾಗ ತಿರುವಿಹಾಕದಿದ್ದರೆ ಕ್ಪೊಕ್ಪೊ ಹೊತ್ತುತ್ತದೆ. 

ಮೊದಲು ಹಿಂದಿನ ಸಾಲಿನವಳೊಬ್ಬಳು ತಾನಾಗಿಯೇ ಎದ್ದು ಮಂಡಿಯ ಮಣ್ಣು ಕೊಡವಿಕೊಂಡು ತಲೆ ತಗ್ಗಿಸಿ ಹೋದಳು. ಆಮೇಲೆ ಇನ್ನೊಬ್ಬಳು. ಅಪ್ಪಣೆಯಿಲ್ಲದೆ ಹಿರಿಯರ ಮುಂದಿನಿಂದ ಎದ್ದು ಹೋದದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಅಂಗಳ ಖಾಲಿಯಾಯಿತು. ಉಳಿದವಳು ತೊಬೊರೆ, ಗುಂಡು ಸೀಳಿದ ಕಾಲನ್ನು ಮಡಿಸಲಾಗದೆ ಒಂದೇ ಮಂಡಿಯ ಮೇಲೆ.

“ನಿನ್ನ ಚಾಪೆ ಹೊತ್ತುತ್ತೆ, ಹೋಗು” ಅಂದೆ.

“ಏಳು ಅನ್ನು, ಹೋಗ್ತೀನಿ.”

“ಅನ್ನಲ್ಲ.”

ಅವಳು ಹೆಣದ ಸುಟ್ಟ ಕೆನ್ನೆಯನ್ನೇ ನೋಡುತ್ತಿದ್ದಳು, ಕೈ ತನ್ನ ಹರಿದ ಕಿವಿಯ ಮೇಲಿತ್ತು. ಸ್ವಲ್ಪ ಹೊತ್ತಿಗೆ ಬೆಂಕಿಗುಂಡಿಯ ಕಡೆಯಿಂದ ಗೆಣಸು ಸೀದ ವಾಸನೆ ಬಂತು. ತಿರುವಲು ಯಾರೂ ಇಲ್ಲದೆ ಸೀಯುತ್ತಿದ್ದದ್ದು ಗಾಳಿ ಬೆನ್ನಿಗೆ ಬೀಸುವ ಮೂಲೆಯ ಪಕ್ಕದ ಚಾಪೆ, ಅವಳದೇ. ಮನೆಯಲ್ಲಿ ಮೊಮ್ಮಗಳು ಅದಕ್ಕೇ ಕಾಯುತ್ತಿದ್ದಳು. ವಾಸನೆ ದಟ್ಟವಾಗುತ್ತ ಹೋಯಿತು. ತೊಬೊರೆ ಏಳಲಿಲ್ಲ, ನಾನೂ ಏಳು ಅನ್ನಲಿಲ್ಲ.